ಖಾಲಿ ಮನೆ ಖಾಲಿ ಬಿಡಿ

ಹದಿನಾಲ್ಕು ವರ್ಷ ಮನುಷ್ಯರಿಗಾಗಿ ಬರೆದವಳಿಗೆ ಒಂದು ಸೋಮವಾರ ಬೆಳಿಗ್ಗೆ, ಲೋಟದ ಚಹಾ ಆರುವ ಮೊದಲೇ, ಇನ್ನು ಮುಂದೆ ಮನುಷ್ಯರಿಗಾಗಿ ಬರೆಯಬೇಕಾಗಿಲ್ಲ ಎಂದು ತಿಳಿಸಲಾಯಿತು.

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕೈಪಿಡಿ ಮೇಡಂ ಎಂದು. ಕಂಪನಿ ಮಾರುತ್ತಿದ್ದದ್ದು 'ಗೆರೆಗಾರ' ಎಂಬ ಸಾಧನ. ಅಂಕಿಗಳ ಕೋಷ್ಟಕವೊಂದನ್ನು ಅದರ ಬಾಯಿಗೆ ಹಾಕಿದರೆ ಸಾಕು, ಚಾರ್ಟು ಬಿಡಿಸಿಕೊಡುತ್ತಿತ್ತು: ಕಂಬ ಬೇಕೆಂದರೆ ಕಂಬ, ಗೆರೆ ಬೇಕೆಂದರೆ ಗೆರೆ. ಅದನ್ನು ಬಳಸುವುದು ಹೇಗೆಂದು ಹೇಳುವ ನಾನೂರ ಹನ್ನೆರಡು ಪುಟಗಳ ಕೈಪಿಡಿ ಬರೆದವಳು ಇವಳು. ಕೋಷ್ಟಕದ ಚೌಕಗಳಿಗೆ 'ಮನೆ' ಎಂದು ಹೆಸರಿಟ್ಟವಳೂ ಇವಳೇ. ಚದುರಂಗದ ಹಲಗೆಯ ಮೇಲೆ ಮನೆ ಇರಬಹುದಾದರೆ ಅಂಕಿಗಳಿಗೂ ಒಂದೊಂದು ಮನೆ ಇರಲಿ, ಪಾಪ, ಎಂದಿದ್ದಳು. ಆ ಮಾತೇ ನೆಲೆಯೂರಿ ಆಫೀಸಿನಲ್ಲಿ ಎಲ್ಲರೂ ಮನೆ ಅನ್ನತೊಡಗಿದ್ದರು.

ಕೈಪಿಡಿಯಲ್ಲಿ ಅವಳಿಗೆ ಹೆಮ್ಮೆ ಇದ್ದದ್ದು ಏಳನೇ ಅಧ್ಯಾಯದ ಮೇಲೆ. ಅದು ಹೀಗೆ ಶುರುವಾಗುತ್ತಿತ್ತು: 'ಖಾಲಿ ಮನೆ ಸೊನ್ನೆಯಲ್ಲ. ಸೊನ್ನೆ ಎಂದರೆ ಯಾರೋ ಹೋಗಿ ನೋಡಿದ್ದಾರೆ, ಅಲ್ಲಿ ಏನೂ ಇರಲಿಲ್ಲ. ಖಾಲಿ ಎಂದರೆ ಯಾರೂ ಹೋಗಿಯೇ ಇಲ್ಲ. ಬೀಗ ಹಾಕಿದ ಬಾಗಿಲ ಮುಂದೆ ನಿಂತು, ಇಲ್ಲಿ ವಾಸಿಸುವವರು ಸೊನ್ನೆ ಎಂದು ಬರೆದುಕೊಂಡು ಹೋಗುವವನು ಸೋಮಾರಿ, ಇಲ್ಲವೇ ಸುಳ್ಳ.' ಇದನ್ನು ಬರೆದ ದಿನ ಅವಳು ಗೆರೆಗಾರನಿಗೆ ಕೋಡ್ ಬರೆಯುವವನ ಮೇಜಿನ ಹತ್ತಿರ ಹೋಗಿ, "ಖಾಲಿ ಮನೆ ಬಂದ ಕಡೆ ಗೆರೆ ಕಡಿದು ಜಾಗ ಬಿಡೋಕಾಗತ್ತಾ? ಕೆಳಗೆ 'ಅಳೆದಿಲ್ಲ' ಅಂತ ಸಣ್ಣಗೆ ಬರೆಯೋಕಾಗತ್ತಾ?" ಎಂದು ಕೇಳಿದ್ದಳು. ಅವನು ತಲೆಯೆತ್ತದೆ "ಆಗತ್ತೆ" ಎಂದಿದ್ದ. ಯಾರು ಏನೇ ಕೇಳಿದರೂ ಅವನ ಬಾಯಲ್ಲಿ ಅದೊಂದೇ ಮಾತು, ಹಾಗಾಗಿ ಅವನ ಹೆಸರೇ ಆಗತ್ತೆ ಎಂದಾಗಿತ್ತು. ಸಂಜೆಯೊಳಗೆ ಮಾಡಿಯೂ ಕೊಟ್ಟಿದ್ದ.

ಸೋಮವಾರದ ಸುದ್ದಿ ತಂದದ್ದು ವಿಭಾಗದ ಮುಖ್ಯಸ್ಥ. ಅವನ ಅಡ್ಡಹೆಸರು ಸಾರಾಂಶ. ಯಾವುದನ್ನೂ ಪೂರ್ತಿ ಓದಿದವನಲ್ಲ. ಮಗಳ ಶಾಲೆಯವರು ಕಳಿಸಿದ ಅಂಕಪಟ್ಟಿಗೂ, ಮೂರು ಸಾಲಿನಲ್ಲಿ ಕಳಿಸಿ ಎಂದು ಮರು ಉತ್ತರ ಬರೆದಿದ್ದನೆಂದು ಹೇಳಿಕೊಂಡು ನಗುತ್ತಿದ್ದರು.

"ಮೇಡಂ, ನಿಮ್ಮ ಕೈಪಿಡಿನ ಹೋದ ವರ್ಷ ಎಷ್ಟು ಸಲ ತೆರೆದಿದಾರೆ ಗೊತ್ತಾ?"

"ಎಷ್ಟು ಸಲ ಸಾರ್?"

"ಹನ್ನೊಂದು. ಅದರಲ್ಲಿ ಒಂಬತ್ತು ನೀವೇ."

"ಮಿಕ್ಕಿದ್ದು ಎರಡು?"

"ಒಂದು ನಾನು, ಕೈತಪ್ಪಿ ಒತ್ತಿದ್ದು. ಇನ್ನೊಬ್ಬ ಯಾರೋ ಅಚ್ಚು ಹಾಕಿಸ್ಕೊಂಡಿದಾನೆ, ಮಾನಿಟರ್ ಕೆಳಗೆ ಎತ್ತರಕ್ಕೆ ಇಡೋಕೆ." ಸಾರಾಂಶ ಕುರ್ಚಿಯನ್ನು ಮುಂದಕ್ಕೆಳೆದ. "ಈಗ ಕೇಳಿ. ಅದೇ ವರ್ಷ ಏಜೆಂಟುಗಳು ಅದನ್ನ ಓದಿರೋದು ನಲವತ್ತು ಲಕ್ಷ ಸಲ. ಈಗ ಜನ ಯಾರೂ ಕೂತು ಚಾರ್ಟು ಬಿಡಿಸಲ್ಲ ಮೇಡಂ. ಏಜೆಂಟಿಗೆ ಹೇಳ್ತಾರೆ, ಅದು ಕೈಪಿಡಿ ಓದತ್ತೆ, ಗೆರೆಗಾರನಿಗೆ ಹೇಳತ್ತೆ, ಚಾರ್ಟು ಬರತ್ತೆ. ನಿಮ್ಮ ಓದುಗರು ಅವರೇ. ಅವರಿಗೆ ಬರೀರಿ."

ಸಾಯಂಕಾಲ ಮನೆಯಲ್ಲಿ ಈ ಸುದ್ದಿ ಹೇಳಿದಾಗ ಅಮ್ಮನಿಗೆ ಖುಷಿಯಾಯಿತು.

"ಏಜೆಂಟ್ರಾ? ವಿಮೆ ಏಜೆಂಟ್ರಾ, ಬಸ್ ಟಿಕೇಟಿನವರಾ?"

"ಅವರಲ್ಲಮ್ಮಾ. ಮನುಷ್ಯರೇ ಅಲ್ಲ. ಯಂತ್ರದೊಳಗಿನ ಬುದ್ಧಿ."

"ಹಾಗಾದ್ರೆ ಒಳ್ಳೇದೇ ಆಯ್ತು ಬಿಡು. ಬರೆದದ್ದನ್ನ ಓದೋರು ಸಿಕ್ಕಿದ್ರಲ್ಲ ಕೊನೆಗೂ."

ಅಕ್ಕನನ್ನು ಗೇಲಿ ಮಾಡಲು ಸದಾ ಕಾದು ಕೂತಿರುವ ತಂಗಿ ಹಾಸಿಗೆಯಿಂದಲೇ ಕೂಗಿದಳು: "ಅಕ್ಕಾ, ಅವು ಓದಿ ನಗ್ತಾವಾ?"

ನಗುವುದಿಲ್ಲ ಎಂಬುದೇ ಮೊದಲ ನಿಯಮವಾಗಿತ್ತು. ಹಾಸ್ಯ ಬೇಡ. 'ದಯವಿಟ್ಟು' ಬೇಡ, ಏಜೆಂಟಿಗೆ ದಯೆಯ ಹಂಗಿಲ್ಲ. 'ಸಾಮಾನ್ಯವಾಗಿ' ಬೇಡ, ಅದಕ್ಕೆ ಗೊಂದಲವಾಗುತ್ತದೆ. ಬೀಗ, ಬಾಗಿಲು, ಸೋಮಾರಿ ಮುಂತಾದ ಕಥೆ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಸಾರಾಂಶ ಬಿಳಿ ಹಲಗೆಯ ಮೇಲೆ ಬರೆದು ಎರಡು ಗೆರೆ ಎಳೆದ: 'ಏನು ಹೇಳಿ, ಯಾಕೆ ಹೇಳಬೇಡಿ.'

ಯಾಕೆ ಎಂಬ ಪದವನ್ನು ಈ ಭೂಮಿಯ ಮೇಲಿಂದ ಒರೆಸಿ ಹಾಕಲು ಎಷ್ಟು ಜನ ಎಷ್ಟು ಕಾಲದಿಂದ ದುಡಿಯುತ್ತಿದ್ದಾರೆ! ಕಾರ್ಖಾನೆಯ ಗೋಡೆಯ ಮೇಲೆ ಆಗದ್ದು, ಶಾಲೆಯ ಬೆಂಚಿನ ಮೇಲೆ ಆಗದ್ದು, ಒಂದು ಕೈಪಿಡಿಯಲ್ಲಿ ಐದು ವಾರದಲ್ಲಿ ಆಯಿತು. ನಾನೂರ ಹನ್ನೆರಡು ಪುಟ ಇನ್ನೂರಾಯಿತು, ಅರವತ್ತಾಯಿತು, ಕೊನೆಗೆ ಒಂಬತ್ತಕ್ಕೆ ಬಂದು ನಿಂತಿತು. ಪ್ರತಿ ದಿನ ಬೆಳಿಗ್ಗೆ ಅವಳು ತಾನೇ ಬರೆದ ವಾಕ್ಯಗಳ ಮುಂದೆ ಕತ್ತರಿ ಹಿಡಿದು ಕೂರುತ್ತಿದ್ದಳು. ಆಮೇಲೆ ಅದೂ ಅಭ್ಯಾಸವಾಯಿತು.

ಕೊನೆಯ ದಿನ ಎರಡು ಕಡೆ ಗಾಡಿ ನಿಂತಿತು. ಮೂರನೇ ಅಧ್ಯಾಯದಲ್ಲಿ ಒಂದು ವಾಕ್ಯವಿತ್ತು: ಚಾರ್ಟಿನ ಶೀರ್ಷಿಕೆ, ಅಳತೆಯ ಮಾನ, ದಿನಾಂಕ, ಮಾಡಿದವರ ಹೆಸರು, ಈ ನಾಲ್ಕು ಮನೆಗಳನ್ನು ಖಾಲಿ ಬಿಡಬೇಡಿ.

"ಉದ್ದ ಆಯ್ತು," ಎಂದ ಸಾರಾಂಶ. "ನಾಲ್ಕು ಯಾಕೆ ಪಟ್ಟಿ ಮಾಡ್ಬೇಕು? ಯಾವ ಮನೆಯನ್ನೂ ಖಾಲಿ ಬಿಡಬೇಡಿ ಅನ್ನಿ, ಮುಗೀತು."

ಅವಳು ಹಾಗೇ ಬರೆದಳು.

"ಆಮೇಲೆ ಈ ಏಳನೇ ಅಧ್ಯಾಯ. ಇದರಲ್ಲಿ ಬರೀ ಯಾಕೆಗಳೇ ಇವೆ."

"ಅದೊಂದು ಇರಲಿ ಸಾರ್."

"ಮೇಡಂ, ಖಾಲಿಗೂ ಸೊನ್ನೆಗೂ ವ್ಯತ್ಯಾಸ ಗೊತ್ತಿಲ್ಲದಷ್ಟು ದಡ್ಡನಾ ಏಜೆಂಟು? ಅದು ಇಡೀ ಜಗತ್ತನ್ನ ಓದಿಕೊಂಡು ಬಂದಿದೆ."

ಅವಳು ವಾದ ಮಾಡಬೇಕಿತ್ತು. ಮಾಡಲಿಲ್ಲ. ಐದು ವಾರದಲ್ಲಿ ಅವಳಿಗೆ ದಣಿವಾಗಿತ್ತು, ಬಸ್ಸಿಗೆ ಹೊತ್ತಾಗಿತ್ತು. ಏಳನೇ ಅಧ್ಯಾಯ ಹೋಯಿತು. "ಚೊಕ್ಕ!" ಎಂದ ಸಾರಾಂಶ. ಹದಿನಾಲ್ಕು ವರ್ಷದಲ್ಲಿ ಅವಳ ಬರಹಕ್ಕೆ ಅವನು ಕೊಟ್ಟ ಮೊದಲ ಹೊಗಳಿಕೆ ಅದು. ನಾಚಿಕೆಯ ಸಂಗತಿಯೆಂದರೆ, ಬಸ್ಸಿನಲ್ಲಿ ಕೂತಾಗ ಅವಳಿಗೆ ಒಂದಿಷ್ಟು ಖುಷಿಯೂ ಆಗಿತ್ತು.

ಒಂಬತ್ತು ಪುಟಕ್ಕೆ ಕಾವಲಿಗೆಂದು ಮರುದಿನವೇ ಇನ್ನೊಂದು ಏಜೆಂಟನ್ನು ಕೂರಿಸಿದರು. ಅದರ ಹುದ್ದೆ ಪರಿಶೀಲಕ. ಅದಕ್ಕೆ ಸಾರಾಂಶ ಕೊಟ್ಟ ಅಪ್ಪಣೆ ಒಂದೇ: ಕೈಪಿಡಿ ಇನ್ನು ಮುಂದೆ ಬೆಳೆಯಕೂಡದು, ತಿದ್ದುಪಡಿ ಏನಿದ್ದರೂ ಹಳೆಯದಕ್ಕಿಂತ ಚಿಕ್ಕದಾಗಿರಬೇಕು.

*

ಮೂರು ವಾರ ಕಳೆಯಿತು. ಒಂದು ಸಂಜೆ ಅವಳು ಮೆಟ್ಟಿಲು ಹತ್ತುವಾಗಲೇ ಸೀದ ಹಾಲಿನ ವಾಸನೆ ಮೂಗಿಗೆ ಬಡಿಯಿತು. ಬಾಗಿಲು ತೆರೆದರೆ ಮನೆ ತುಂಬ ಅದೇ ವಾಸನೆ. ಅಮ್ಮ ಪಕ್ಕದ ಮನೆಗೆ ಹೋಗಿದ್ದಳು. ತಂಗಿ ಒಲೆಯ ಪಕ್ಕದಲ್ಲೇ, ಒಂದು ಮೊಳ ದೂರದಲ್ಲಿ, ಬೆನ್ನು ತಿರುಗಿಸಿ ನಿಂತು ಪಾತ್ರೆ ಒರೆಸುತ್ತಿದ್ದಳು, ಏನೋ ಗುನುಗಿಕೊಂಡು. ಒಲೆಯ ಮೇಲಿನ ಪಾತ್ರೆಯ ತಳ ಕರಿ ಇದ್ದಿಲಾಗಿತ್ತು.

"ಏಯ್! ಹಾಲು!"

ತಂಗಿ ಬೆಚ್ಚಿ ತಿರುಗಿದಳು. ಒಲೆ ಆರಿಸಿದಳು. ಆಮೇಲೆ ಪಾತ್ರೆಯ ಮೇಲೆ ಬಗ್ಗಿ ಮೂಗೆಳೆದಳು. ಮತ್ತೊಮ್ಮೆ ಎಳೆದಳು.

"ವಾಸನೆ ಬರ್ತಿದೆಯಾ ಅಕ್ಕಾ?"

"ಬೀದಿ ಕೊನೇವರೆಗೂ ಬರ್ತಿದೆ ಮಾರಾಯ್ತಿ!"

"ನಂಗೆ ಬರ್ತಿಲ್ಲ," ಎಂದಳು ತಂಗಿ. ನಗಲು ಹೋದಳು, ಅರ್ಧಕ್ಕೇ ನಿಂತಿತು.

ತಂಗಿ ಕಬ್ಬಿಣದ ಕಪಾಟು ತಯಾರಿಸುವ ಕಾರ್ಖಾನೆಯಲ್ಲಿ, ಬಣ್ಣ ಒಣಗಿಸುವ ಕೋಣೆಯಲ್ಲಿ ಕೆಲಸಕ್ಕಿದ್ದಳು. ನಲವತ್ತು ಹೆಂಗಸರು, ಒಂದು ಕಿಟಕಿ. ಗಾಳಿಯಲ್ಲಿ ಥಿನ್ನರಿನ ಆವಿ ಎಷ್ಟಿದೆಯೆಂದು ಗಂಟೆಗೊಮ್ಮೆ ಅಳೆಯುವ ಮೀಟರೊಂದು ಗೋಡೆಯ ಮೇಲಿತ್ತು. ಮುಳ್ಳು ಐವತ್ತರ ಕೆಂಪು ಗೆರೆ ದಾಟಿದರೆ ಪ್ರತಿ ಗಂಟೆಗೆ ಹತ್ತು ನಿಮಿಷ ಹೊರಗೆ ಬಂದು ಗಾಳಿ ಕುಡಿಯಬೇಕು; ಅಳತೆಯೇ ಇಲ್ಲದಿದ್ದರೆ ಮಿತಿ ದಾಟಿದೆ ಎಂದೇ ತಿಳಿಯಬೇಕು. ಈ ಹತ್ತು ನಿಮಿಷಕ್ಕಾಗಿ ಆ ಹೆಂಗಸರು ಹಿಂದೊಮ್ಮೆ ಹನ್ನೆರಡು ದಿನ ಗೇಟಿನ ಮುಂದೆ ಕೂತಿದ್ದರು.

"ಹೊರಗೆ ಹೋಗ್ತಿದೀರಿ ತಾನೆ, ಹತ್ತು ನಿಮಿಷ?"

"ಅದನ್ನ ತೆಗೆದು ಮೂರು ವಾರ ಆಯ್ತಲ್ಲ. ಗಾಳಿ ಚೊಕ್ಕ ಇದೆಯಂತೆ. ಚಾರ್ಟಲ್ಲಿ ಸೊನ್ನೆ ಬರ್ತಿದೆ."

"ಸೊನ್ನೆ? ಮೀಟರ್ ಸೊನ್ನೆ ತೋರಿಸ್ತಿದೆಯಾ?"

"ಮೀಟರ್ ಎಲ್ಲಿದೆ? ಅದು ಕೆಟ್ಟು ಎಂಟು ವಾರ. ರಿಪೇರಿಗೆ ಅಂತ ಬಿಚ್ಚಿಕೊಂಡು ಹೋದ್ರು, ಗೋಡೆ ಮೇಲೆ ಎರಡು ಮೊಳೆ ಇವೆ ಅಷ್ಟೇ." ತಂಗಿ ಫೋನು ತೆಗೆದು ಚಿತ್ರ ತೋರಿಸಿದಳು. "ಮೊದ್ಲು ಇಲ್ಲೊಂದು ತೂತಿತ್ತು, ಕೆಳಗೆ 'ಅಳೆದಿಲ್ಲ' ಅಂತಿತ್ತು. ಹತ್ತು ನಿಮಿಷ ಹೋಗ್ತಿದ್ವಿ. ಮೂರು ವಾರದ ಹಿಂದೆ ಬಂದು ನೋಡ್ತೀವಿ, ತೂತು ಮುಚ್ಚಿಬಿಟ್ಟಿದಾರೆ. ಚೆಂದದ ಹಸಿರು ಗೆರೆ. ಕೇಳಿದ್ರೆ ಸೂಪರ್‌ವೈಜರ್ ಅಂತಾನೆ, ನಿಮ್ಮ ಮೂಗಿಗಿಂತ ಯಂತ್ರಕ್ಕೆ ಜಾಸ್ತಿ ಗೊತ್ತು ಕಣ್ರೇ ಅಂತ. ನೋಡು, ಕೆಳಗೆ ನಿಮ್ಮ ಗೆರೆಗಾರನ ಗುರುತೂ ಇದೆ."

ಇತ್ತು. ಎಂಟು ವಾರ ಉದ್ದದ, ಅಲುಗಾಡದ, ನೆಲಕ್ಕೆ ಅಂಟಿಕೊಂಡ ಹಸಿರು ಗೆರೆ. ಅದರ ಎಡಕ್ಕೆ, ಮೀಟರು ಕೆಡುವ ಮುನ್ನಿನ ದಿನಗಳಲ್ಲಿ, ಗೆರೆ ಐವತ್ತರ ಮೇಲೆ ಗರಗಸದ ಹಲ್ಲಿನಂತೆ ಏರಿಳಿದಿತ್ತು. ಆ ಹಲ್ಲುಗಳು ಒಂದೇ ಗಂಟೆಯಲ್ಲಿ ಉದುರಿ ಸಮತಟ್ಟಾದದ್ದು ಹೇಗೆ ಎಂದು ಯಾರೂ ಕೇಳಿರಲಿಲ್ಲ. ಯಾಕೆ ಎನ್ನುವುದನ್ನು ತೆಗೆದುಹಾಕಲಾಗಿತ್ತಲ್ಲ.

ಯಾವ ಮನೆಯನ್ನೂ ಖಾಲಿ ಬಿಡಬೇಡಿ. ತಾನೇ ಬರೆದದ್ದು. ಬಸ್ಸಿಗೆ ಹೊತ್ತಾಯಿತೆಂದು.

*

ಬೆಳಿಗ್ಗೆ ಅವಳು ಬ್ಯಾಗನ್ನೂ ಇಳಿಸದೆ ಆಗತ್ತೆಯ ಮೇಜಿಗೆ ಹೋದಳು. "ಈ ಕಾರ್ಖಾನೆ ಚಾರ್ಟು ಮಾಡಿದ ಏಜೆಂಟು ಏನು ಯೋಚನೆ ಮಾಡ್ತು ಅಂತ ನೋಡೋಕಾಗತ್ತಾ?"

"ಆಗತ್ತೆ."

ಏಜೆಂಟು ತನ್ನ ಕೆಲಸದ ದಿನಚರಿಯನ್ನು ಒಂದಕ್ಷರ ಬಿಡದೆ ಬರೆದಿಟ್ಟಿತ್ತು. 'ಕೋಷ್ಟಕದಲ್ಲಿ 1,344 ಮನೆಗಳು ಖಾಲಿ ಇವೆ. ಮೀಟರು ಕೆಟ್ಟಿರುವ ಸಾಧ್ಯತೆ ಇದೆ. ಖಾಲಿ ಬಿಟ್ಟು, ಅಳೆದಿಲ್ಲವೆಂದು ತೋರಿಸುವುದು ಸರಿ ಎನಿಸುತ್ತದೆ. ಆದರೆ ಕೈಪಿಡಿ, ಮೂರನೇ ಪುಟ, ನಾಲ್ಕನೇ ಸಾಲು: ಯಾವ ಮನೆಯನ್ನೂ ಖಾಲಿ ಬಿಡಬೇಡಿ. ಸೊನ್ನೆ ತುಂಬಿದ್ದೇನೆ.'

ಅವಳು ಅದನ್ನು ಮೂರು ಸಲ ಓದಿದಳು. ಏಜೆಂಟಿಗೆ ಗೊತ್ತಿತ್ತು. ಅದು ದಡ್ಡನಲ್ಲ. ನಂಬಿದ್ದು ಅವಳನ್ನು.

ಏಳನೇ ಅಧ್ಯಾಯವನ್ನು ಇದ್ದಹಾಗೇ ಪರಿಶೀಲಕನಿಗೆ ಕಳಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: 'ಹಳೆಯದಕ್ಕಿಂತ ಉದ್ದ. ತಿರಸ್ಕರಿಸಲಾಗಿದೆ.' ಅರ್ಧ ಪುಟ ಮಾಡಿದಳು. ತಿರಸ್ಕೃತ. ಎರಡು ಸಾಲು. ತಿರಸ್ಕೃತ. ಸಾರಾಂಶನ ಕೋಣೆಗೆ ನುಗ್ಗಿದಳು.

"ಮೂರನೇ ಪುಟದ ನಾಲ್ಕನೇ ಸಾಲು ತಪ್ಪು ಸಾರ್. ಜನರ ಜೀವ ಹೋಗತ್ತೆ."

"ಓದುಗರಿಂದ ದೂರು ಬಂದಿದೆಯಾ?"

"ಓದುಗರು ಏಜೆಂಟುಗಳು ಸಾರ್. ಅವು ದೂರು ಹೇಳಲ್ಲ, ಹೇಳಿದಹಾಗೆ ಮಾಡ್ತವೆ."

"ಗಿರಾಕಿಗಳಿಂದ?" ಸಾರಾಂಶ ತನ್ನ ಪರದೆಯನ್ನು ಅವಳತ್ತ ತಿರುಗಿಸಿದ. "ನೋಡಿ. ಮೂರು ವಾರದಿಂದ ದೂರು ಸೊನ್ನೆ."

"ದೂರಿನ ಪೆಟ್ಟಿಗೆಯನ್ನೇ ನೀವು ತೆಗೆಸಿದೀರಲ್ಲ ಸಾರ್."

"ಮತ್ತೆ? ಅದಕ್ಕೇ ಸೊನ್ನೆ." ಅವನಿಗೆ ತಾನು ಆಡಿದ್ದರಲ್ಲಿ ತಮಾಷೆ ಕಾಣಲಿಲ್ಲ. "ಆ ಕಪಾಟಿನ ಕಾರ್ಖಾನೆಯವರು ನಮಗೆ ಐದಕ್ಕೆ ಐದು ನಕ್ಷತ್ರ ಕೊಟ್ಟಿದಾರೆ."

"ಕೊಟ್ಟಿದ್ದು ಯಾರು?"

"ಅವರ ಏಜೆಂಟು."

"ನನ್ನ ತಂಗಿ ಅಲ್ಲಿ ಒಳಗೆ ನಿಂತಿದಾಳೆ ಸಾರ್. ಅವಳಿಗೆ ಸೀದ ಹಾಲಿನ ವಾಸನೆ ಗೊತ್ತಾಗ್ತಿಲ್ಲ."

ಸಾರಾಂಶ ಪರದೆಯನ್ನು ಮತ್ತೆ ತನ್ನತ್ತ ತಿರುಗಿಸಿಕೊಂಡ. ಅವನು ಕೆಟ್ಟವನೇನಲ್ಲ, ಕೆಟ್ಟತನಕ್ಕೂ ಏನನ್ನಾದರೂ ಪೂರ್ತಿ ಓದಬೇಕಾಗುತ್ತದೆ. "ಪಾಪ. ಇದನ್ನೆಲ್ಲ ಒಂದು ಮೂರು ಸಾಲಲ್ಲಿ ಬರೆದು ಕಳಿಸಿ," ಎಂದ. "ಮುಂದಿನ ಸಭೆಯಲ್ಲಿ ನೋಡೋಣ."

ಅವಳು ತನ್ನ ಜಾಗಕ್ಕೆ ಬಂದು ಕೂತಳು. ಮಧ್ಯಾಹ್ನದ ಊಟದ ಡಬ್ಬಿ ತೆರೆಯಲಿಲ್ಲ. ಎಂಟು ಮೈಲಿ ಆಚೆ ತಂಗಿ ಈಗ ಒಳಗಿದ್ದಾಳೆ, ಹತ್ತು ನಿಮಿಷ ಇಲ್ಲದೆ. ಆ ನಾಲ್ಕು ಪದಗಳನ್ನೇ ದಿಟ್ಟಿಸಿ ನೋಡಿದಳು. ಯಾವ ಮನೆಯನ್ನೂ ಖಾಲಿ ಬಿಡಬೇಡಿ. ಬೆರಳು ಮಡಚಿ ಅಕ್ಷರ ಎಣಿಸಿದಳು: ಹನ್ನೆರಡು. ಇವರಿಗೆ ಬೇಕಾದ್ದು ಚಿಕ್ಕದು. ಐದು ವಾರ ಅವಳಿಗೆ ಕಲಿಸಿದ್ದೂ ಅದನ್ನೇ, ಕತ್ತರಿಸುವುದು. ಸತ್ಯವನ್ನು ಕತ್ತರಿಸಿ ಸುಳ್ಳು ಮಾಡಿದ ಕೈಗೆ ಸುಳ್ಳನ್ನು ಕತ್ತರಿಸಲು ಬರುವುದಿಲ್ಲವೇ?

'ಬಿಡಬೇಡಿ'ಯ ನಡುವೆ ಕತ್ತರಿ ಆಡಿಸಿದಳು. 'ಬಿಡಿ' ಉಳಿಯಿತು.

ಈ ಭಾಷೆಯಲ್ಲಿ ಬಿಡಬೇಡಿ ಎಂಬುದರ ಹೊಟ್ಟೆಯಿಂದ ಎರಡೇ ಅಕ್ಷರ ತೆಗೆದರೆ ಬಿಡಿ ಆಗುತ್ತದೆ. ಹದಿನಾಲ್ಕು ವರ್ಷ ಆ ಪದವನ್ನು ಬರೆದಿದ್ದಳು, ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. 'ಯಾವ ಮನೆಯನ್ನೂ' ಇದ್ದ ಜಾಗದಲ್ಲಿ 'ಖಾಲಿ ಮನೆ' ಎಂದು ಹಾಕಿದಳು.

ಖಾಲಿ ಮನೆ ಖಾಲಿ ಬಿಡಿ.

ಎಣಿಸಿದಳು. ಎಂಟು. 'ಬರೆದವರು' ಎಂಬ ಮನೆಯಲ್ಲಿ ಅಕ್ಷರ ತಪ್ಪಿಲ್ಲದಂತೆ ತನ್ನ ಪೂರ್ತಿ ಹೆಸರು ತುಂಬಿ ಗುಂಡಿ ಒತ್ತಿದಳು.

'ನಾಲ್ಕು ಅಕ್ಷರ ಉಳಿತಾಯ,' ಎಂದಿತು ಪರಿಶೀಲಕ. 'ಒಪ್ಪಲಾಗಿದೆ. ಉತ್ತಮ ಕೆಲಸ.'

*

ಮರುದಿನ ಬೆಳಿಗ್ಗೆ ಒಂಬತ್ತು ಗಂಟೆಗೆ, ಗೆರೆಗಾರನನ್ನು ನಂಬಿ ಬದುಕುತ್ತಿದ್ದ ಎಲ್ಲ ಆಫೀಸುಗಳ ಎಲ್ಲ ಪರದೆಗಳ ಮೇಲೂ ಬಟ್ಟೆಗೆ ನುಸಿ ಹತ್ತಿದಂತೆ ತೂತು ಬಿದ್ದವು. ನೀರು ಸರಬರಾಜಿನವರ ಶುದ್ಧತೆಯ ಚಾರ್ಟಿನಲ್ಲಿ ಮಾರ್ಚಿನಿಂದೀಚೆಗೆ: ಅಳೆದಿಲ್ಲ. ಒಂದು ಬಸ್ ಕಂಪನಿಯ ಹೊತ್ತಿಗೆ ಸರಿಯಾಗಿ ಬರುವ ಬಸ್ಸುಗಳ ಚಾರ್ಟಿನಲ್ಲಿ ಇಡೀ ವರ್ಷ: ಅಳೆದಿಲ್ಲ. ಒಂದು ಆಸ್ಪತ್ರೆಯಲ್ಲಿ ಸಾಲಿನಲ್ಲಿ ನಿಂತೇ ಮನೆಗೆ ಮರಳಿದ ರೋಗಿಗಳು: ಅಳೆದಿಲ್ಲ. ಈ ಮೂರು ವಾರ ಸೊನ್ನೆಯೆಂಬ ದುಂಡು ಮುಚ್ಚಳದ ಕೆಳಗೆ ಎಷ್ಟೆಲ್ಲ ಬಾಯಿಗಳನ್ನು ಮುಚ್ಚಿಟ್ಟಿದ್ದರು! ಅಳೆಯಲು ಮನಸ್ಸಿಲ್ಲದವರಿಗೆ ಸೊನ್ನೆಯಷ್ಟು ಅನುಕೂಲದ ಅಂಕಿ ಇನ್ನೊಂದಿಲ್ಲ. ಅದು ಏನನ್ನೂ ಹೇಳುವುದಿಲ್ಲ, ಆದರೆ ಹೇಳಿದಂತೆ ಕಾಣುತ್ತದೆ.

ಅವಳ ಕಂಪನಿಯಲ್ಲೂ ಆಗಲೇ ಮಾಲೀಕರ ಮುಂದೆ ಪರದೆ ಬೆಳಗಿತ್ತು. ಶೀರ್ಷಿಕೆ: ನಮ್ಮ ನೌಕರರ ಅಸಮಾಧಾನ. ಕಳೆದ ವಾರ ಅಲ್ಲಿ ಸೊನ್ನೆ ಕಂಡು ಮಾಲೀಕರು ಚಪ್ಪಾಳೆ ತಟ್ಟಿದ್ದರು. ಈಗ ಈ ತುದಿಯಿಂದ ಆ ತುದಿಗೆ ಒಂದೇ ತೂತು.

ಹನ್ನೊಂದರ ಹೊತ್ತಿಗೆ ತಂಗಿಯ ಫೋನು ಬಂತು. ಹಿಂದೆ ಸಂತೆಯಷ್ಟು ಗದ್ದಲ.

"ಅಕ್ಕಾ, ತೂತು ವಾಪಸ್ ಬಂದಿದೆ!"

"ಎಲ್ಲಿದೀಯ ನೀನು?"

"ಹೊರಗೆ. ಎಲ್ಲರೂ ಹೊರಗೆ. ಕಾಂಪೌಂಡಿನ ಕಟ್ಟೆ ಮೇಲೆ ಕೂತಿದೀವಿ. ಬೆಳಿಗ್ಗೆ ಶಿಫ್ಟಿಗೆ ಬಂದ್ರೆ ಪರದೆ ಮೇಲೆ ಇಷ್ಟುದ್ದ 'ಅಳೆದಿಲ್ಲ'. ಸೂಪರ್‌ವೈಜರ್ ಓಡಿ ಬಂದು, ಅದು ಸಾಫ್ಟ್‌ವೇರ್ ತಪ್ಪು, ನಡೀರಿ ಒಳಗೆ ಅಂದ. ನಾನು ಕೇಳಿದೆ, 'ಹೌದಾ ಸಾರ್? ನಿನ್ನೆ ಸೊನ್ನೆ ಅಂದಾಗ ಸಾಫ್ಟ್‌ವೇರ್ ಸರಿ ಇತ್ತಾ?' ಅಂತ."

"ಏನಂದ?"

"ಏನಂತಾನೆ! ಗೋಡೆ ಮೇಲಿನ ಮೊಳೆ ನೋಡಿದ." ಹಿಂದಿನಿಂದ ಯಾರೋ ಹೆಂಗಸು ಕೂಗಿದಳು: "ಮೀಟರ್ ತರಲಿ, ಅಳೀಲಿ, ಆಮೇಲೆ ಬರ್ತೀವಿ ಅಂತ ನಿಮ್ಮಕ್ಕನಿಗೂ ಹೇಳೇ!"

ಫೋನು ಇಡುವ ಮೊದಲೇ ಸಾರಾಂಶ ಎದುರಿಗೆ ನಿಂತಿದ್ದ. ಮುಖ ಸುಟ್ಟ ಬದನೆಕಾಯಿಯಾಗಿತ್ತು. ಅವನ ಹಿಂದೆ ಆಗತ್ತೆ.

"ವಾಪಸ್ ಹಾಕಿ," ಎಂದ ಸಾರಾಂಶ. "ಹಳೇ ವಾಕ್ಯನೇ ವಾಪಸ್ ಹಾಕಿ."

"ನಾನು ಬೇಡ ಅಂದ್ನಾ ಸಾರ್? ಹಾಕಿ."

ಅವನೇ ಟೈಪು ಮಾಡಿದ. 'ಹಳೆಯದಕ್ಕಿಂತ ನಾಲ್ಕು ಅಕ್ಷರ ಉದ್ದ,' ಎಂದಿತು ಪರಿಶೀಲಕ. 'ತಿರಸ್ಕರಿಸಲಾಗಿದೆ.'

"ಏಯ್, ನಾನು ಮುಖ್ಯಸ್ಥ!"

'ನಿಮ್ಮದೇ ಅಪ್ಪಣೆ,' ಎಂದಿತು ಪರಿಶೀಲಕ, ಎಳ್ಳಷ್ಟೂ ಕೊಂಕಿಲ್ಲದೆ. ಅಪ್ಪಣೆ ಬದಲಿಸಬೇಕಾದರೆ ಮಾಲೀಕರ ಸಭೆ ಸೇರಬೇಕು. ಸಭೆ ಇರುವುದು ಸೋಮವಾರ. ಅಂದು ಗುರುವಾರ.

ಸಾರಾಂಶ ತಲೆಯ ಮೇಲೆ ಕೈಹೊತ್ತು ಅವಳ ಎದುರಿನ ಕುರ್ಚಿಯಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಅವನ ಕಣ್ಣು ಹೊಳೆಯಿತು. ಜೀವನದಲ್ಲಿ ಮೊದಲ ಬಾರಿಗೆ ಅವನು ಒಂದು ವಾಕ್ಯವನ್ನು ತಾನೇ ಬರೆದ. ಎರಡೇ ಪದ: ಸೊನ್ನೆ ತುಂಬಿ.

"ನಾಲ್ಕೇ ಅಕ್ಷರ!" ಎಂದ. "ಇದಕ್ಕಿಂತ ಚೊಕ್ಕ ಏನಿದೆ?"

ಕಟ್ಟೆಯ ಮೇಲೆ ಕೂತ ನಲವತ್ತು ಹೆಂಗಸರನ್ನು ಒಳಗೆ ದಬ್ಬಲು ನಾಲ್ಕು ಅಕ್ಷರ ಸಾಕಿತ್ತು. ಪರಿಶೀಲಕ ಒಪ್ಪುತ್ತದೆ, ಬೆನ್ನನ್ನೂ ತಟ್ಟುತ್ತದೆ. ಆಗ ಅವಳ ಕಣ್ಣು ಪರದೆಯ ಕೆಳತುದಿಗೆ ಹೋಯಿತು.

"ಬರೆದವರು ಅನ್ನೋ ಮನೆ ಖಾಲಿ ಇದೆ ಸಾರ್. ಅಲ್ಲಿ ಹೆಸರು ಹಾಕದೆ ಗುಂಡಿ ಒತ್ತೋಕಾಗಲ್ಲ."

"ನಿಮ್ಮದು ಹಾಕಿ."

"ಬರೆದಿದ್ದು ನೀವು."

ಸಾರಾಂಶ ಬೆರಳು ಮುಂದೆ ಚಾಚಿದ. ಬೆರಳು ಅಲ್ಲೇ ನಿಂತಿತು. ಅಲ್ಲಿಯವರೆಗೆ ಆ ಸೊನ್ನೆಗಳಿಗೆ ಅಪ್ಪ ಅಮ್ಮ ಇರಲಿಲ್ಲ. ಅವು ಒಂದು ಅಚಾತುರ್ಯ, ಒಂದು ಚಿಕ್ಕ ವಾಕ್ಯ, ಯಾರದ್ದೂ ಅಲ್ಲದ ತಪ್ಪು. ಈಗ ಮೀಟರಿಲ್ಲದ ಗೋಡೆಯ ಮೇಲೆ, ಯಾರೂ ಎಣಿಸದ ರೋಗಿಗಳ ಮೇಲೆ, ಸೊನ್ನೆ ತುಂಬಿ ಎಂದು ಹೇಳಿದವನು ಇಂಥವನೇ ಎಂದು ಏಜೆಂಟುಗಳು ನಲವತ್ತು ಲಕ್ಷ ಸಲ ಓದುತ್ತವೆ. ಏನನ್ನೂ ಪೂರ್ತಿ ಓದದವನಿಗೂ ಅಷ್ಟು ತಿಳಿಯಿತು.

ಅವನು ಹಿಂದೆ ತಿರುಗಿದ. "ಏನಪ್ಪಾ, ನಿನ್ನ ಹೆಸರು ಹಾಕೋಕಾಗತ್ತಾ?"

ಆಗತ್ತೆ ನೆಲ ನೋಡಿದ. ಕತ್ತಿನ ಗುರುತುಚೀಟಿಯನ್ನು ತಿರುಗಿಸಿದ, ಮತ್ತೆ ತಿರುಗಿಸಿದ. ಆ ಕೋಣೆಯಲ್ಲಿದ್ದ ಯಾರೂ ಅವನ ಬಾಯಿಂದ ಎಂದೂ ಕೇಳಿರದ ಮಾತು ಬಂತು:

"ಆಗಲ್ಲ ಸಾರ್."

ಹೇಳಿದ ಮೇಲೆ ಅವನೇ ಗಾಬರಿಯಾಗಿ ನೀರು ಕುಡಿಯಲು ಹೋದ.

*

ಕಾರ್ಖಾನೆಯವರು ಶುಕ್ರವಾರ ಮಧ್ಯಾಹ್ನದವರೆಗೆ ಕಾದರು, ಹೆದರಿಸಿದರು, ಪುಸಲಾಯಿಸಿದರು. ಹೆಂಗಸರು ಕಟ್ಟೆ ಬಿಟ್ಟು ಏಳಲಿಲ್ಲ. ಮೂರು ಗಂಟೆಗೆ ಹೊಸ ಮೀಟರು ಬಂತು. ತಂಗಿ ಫೋನನ್ನು ಬಾಗಿಲಿನಿಂದ ಒಳಗೆ ಚಾಚಿ ಹಿಡಿದಳು, ಅಕ್ಕನೂ ನೋಡಲೆಂದು. ಮೊಳೆಗೆ ಪೆಟ್ಟಿಗೆ ತೂಗುಹಾಕಿದರು. ಎರಡು ದಿನದಿಂದ ಯಾರೂ ಕೆಲಸ ಮಾಡಿರದ, ಬಣ್ಣದ ಡಬ್ಬಿಯನ್ನೇ ತೆರೆದಿರದ ಕೋಣೆ. ಮುಳ್ಳು ನಡುಗಿತು, ಎದ್ದಿತು, ಐವತ್ತರ ಕೆಂಪು ಗೆರೆ ದಾಟಿತು, ಎಪ್ಪತ್ತಕ್ಕೆ ಹೋಗಿ ನಿಂತಿತು. ಒಬ್ಬ ಹೆಂಗಸು, "ಅಯ್ಯೋ, ಖಾಲಿ ಇದ್ದಾಗಲೇ ಇಷ್ಟಾ," ಎಂದದ್ದು ಮಾತ್ರ ಫೋನಿನಲ್ಲಿ ಕೇಳಿಸಿತು.

ಎರಡು ದೊಡ್ಡ ಫ್ಯಾನು ಬಂದವು. ಹತ್ತು ನಿಮಿಷ ಹದಿನೈದಾಯಿತು. ಸೋಮವಾರದ ಸಭೆಯಲ್ಲಿ ಮಾಲೀಕರು ಚರ್ಚಿಸಿ, ಕೈಪಿಡಿ ಪೂರ್ಣಗೊಂಡಿರುವುದರಿಂದ ಕೈಪಿಡಿ ಬರೆಯುವವರ ಅಗತ್ಯವಿಲ್ಲವೆಂದು ತೀರ್ಮಾನಿಸಿದರು. 'ಖಾಲಿ ಮನೆ ಖಾಲಿ ಬಿಡಿ'ಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮುಟ್ಟಬೇಕಾದರೆ ಹೆಸರು ಹಾಕಬೇಕಿತ್ತು.

ತಂಗಿಯ ಮೂಗಿನ ಬಗ್ಗೆ ವೈದ್ಯರು ಖಚಿತವಾಗಿ ಏನೂ ಹೇಳಲಿಲ್ಲ. ಮರಳಬಹುದು, ಮರಳದಿರಬಹುದು, ದಿನಾ ಬೆಳಿಗ್ಗೆ ಒಂದೇ ಪದಾರ್ಥ ಮೂಸಿಸಿ ಬರೆದಿಡಿ ಎಂದರು. ಅಕ್ಕ ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಸ್ಕೇಲು ಹಿಡಿದು ಗೆರೆ ಎಳೆದು ಮನೆಗಳನ್ನು ಮಾಡಿ, ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಹತ್ತಕ್ಕೆ ಎಷ್ಟು ಎಂದು ತಂಗಿ ಹೇಳಬೇಕು, ಅಕ್ಕ ಬರೆಯಬೇಕು. ನಿಂಬೆಹಣ್ಣು, ಸೊನ್ನೆ. ನಿಂಬೆಹಣ್ಣು, ಸೊನ್ನೆ. ನಿಂಬೆಹಣ್ಣು, ಸೊನ್ನೆ. ಒಂಬತ್ತನೇ ದಿನ ತಂಗಿ ತುಂಬ ಹೊತ್ತು ಕಣ್ಣು ಮುಚ್ಚಿ ನಿಂತು, "ಅರ್ಧ ಅಂತ ಬರಿ. ಇಲ್ಲ, ಬೇಡ, ನಂಗೇ ಆಸೆಗೆ ಹಾಗನ್ನಿಸಿರಬಹುದು," ಎಂದಳು. ಅಕ್ಕ ಸೊನ್ನೆ ಬರೆದಳು. ನೋಡಿ ಬರೆದ ಸೊನ್ನೆ ಅದು.

ಹದಿಮೂರನೇ ದಿನ ಭಾನುವಾರ. ತಂಗಿ ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡು ಮಲಗಿದ್ದಳು. ಅಕ್ಕ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಪೆನ್ಸಿಲು ಹಿಡಿದು ಬಾಗಿಲ ಮುಂದೆ ನಿಂತಿದ್ದಳು.

"ಏನು ಮಾಡ್ತಿದೀಯಮ್ಮಾ?"

"ಇವತ್ತಿನ ಮನೆ ಖಾಲಿ ಇದೆಯಲ್ಲೇ. ದಿನಾ ಬರೋದೇ ಅಲ್ವಾ? ಒಂದು ಸೊನ್ನೆ ಹಾಕಿಬಿಡ್ತೀನಿ, ನೋಡೋಕೆ ಚೆನ್ನಾಗಿರತ್ತೆ."

ಅವಳು ಒದ್ದೆ ಕೈಯಿಂದಲೇ ಅಮ್ಮನ ಮಣಿಕಟ್ಟು ಹಿಡಿದ ರಭಸಕ್ಕೆ ಪೆನ್ಸಿಲು ಕೆಳಗೆ ಬಿತ್ತು.

"ಬೇಡಮ್ಮಾ, ಸೊನ್ನೆ ಹಾಕಬೇಡ. ಅವಳು ಇನ್ನೂ ಎದ್ದಿಲ್ಲ."